ಸತ್ಯವ್ವನ ಡಬ್ಬಿ ಖಾಲಿ ಇರಲಿಲ್ಲ, ಸಾಹೇಬರೇ

ನಗರದಲ್ಲಿ ಧರಣಿ, ಮೆರವಣಿಗೆ, ಸ್ಮರಣೆಗಳಿಗೆ ಪರವಾನಗಿ ಕೊಡುವ ಹಾಗೂ ರಸ್ತೆ ಗುಡಿಸುವವರಿಗೆ ನೋಟಿಸು ಕೊಡುವ ಹಿರಿಯ ಅಧಿಕಾರಿಗಳಿಗೆ,

ಪಾಳಿಯಲ್ಲಿ ಯಾವಾಗಲೂ ನಮಗಿಂತ ಮುಂದೆ ನಿಂತಿರುವ ಮಾನ್ಯರೇ,

ಸತ್ಯವ್ವನ ಮೊಮ್ಮಗಳು ಸತ್ಯವ್ವನಿಗೆ ಅವಮಾನ ಮಾಡಿದ್ದಾಳೆ ಎಂದು ಹೇಳಿ ತಾವು ಆ ಮೊಮ್ಮಗಳನ್ನು ಕೆಲಸದಿಂದ ನಿಲ್ಲಿಸಿದ್ದೀರಿ. ಆ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ತಮ್ಮ ಎದುರಿಗೆ ನಿಂತು ಕೇಳಿದ್ದಾಯಿತು, ತಮ್ಮ ಜವಾನನ ಮೂಲಕ ಕೇಳಿದ್ದಾಯಿತು, ಈಗ ಊರ ಮುಂದೆ ಕೇಳುತ್ತಿದ್ದೇನೆ. ನೋಟಿಸಿನ ಭಾಷೆಗೆ ಮಾತ್ರ ನಾನು ಕೈ ಮುಗಿಯುತ್ತೇನೆ. "ಮಹಾನ್ ಹೋರಾಟಗಾರ್ತಿಯ ಪರಂಪರೆಗೆ ಚ್ಯುತಿ ಬರುವಂತೆ ಸ್ಮರಣಾ ಡಬ್ಬಿಗಳನ್ನು ಬರಿದು ಮಾಡಿ, ತೊಳೆದು, ಬೋರಲು ಹಾಕಿರುತ್ತಾಳೆ" ಎಂದು ಬರೆದಿದ್ದೀರಿ. ಪ್ರಪಂಚದಲ್ಲಿ ಪಾತ್ರೆ ತೊಳೆದದ್ದಕ್ಕೆ ಹೆಣ್ಣುಮಗಳನ್ನು ಶಿಕ್ಷಿಸಿದ ಮೊದಲ ಕಚೇರಿ ತಮ್ಮದು. ತೊಳೆಯದೇ ಇದ್ದದ್ದಕ್ಕೆ ಬೈಸಿಕೊಂಡವರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಇದ್ದಾರೆ.

ನಾನು ಯಾರು ಎಂದು ತಾವು ಕೇಳಬಹುದು. ಹುಬ್ಬಳ್ಳಿಯಲ್ಲಿ ನನ್ನನ್ನು ಅರಿಯದವರು ಹೊಸದಾಗಿ ವರ್ಗವಾಗಿ ಬಂದವರು ಮಾತ್ರ, ಆದ್ದರಿಂದ ಕ್ಷಮಿಸಿದ್ದೇನೆ. ನಾನು ಗೋಪನಕೊಪ್ಪದ ಗೋವಿಂದಪ್ಪ. ಓಣಿಗೆಲ್ಲ ಕಾಕಾ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿ ಮುಲ್ಕಿ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗನಾಗಿ ಪಾಸಾದವನು. ಆ ವರ್ಷ ಪರೀಕ್ಷೆಗೆ ಕುಳಿತವನು ನಾನೊಬ್ಬನೇ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಇರಲಿ, ಎರಡನೆಯವನು ಬರಲಿಲ್ಲ ಎಂದರೆ ಮೊದಲನೆಯವನ ತಪ್ಪೇ? ಎಲ್ಲಕ್ಕಿಂತ ಹೆಚ್ಚಾಗಿ, ನಾನು ಸತ್ಯವ್ವನ ಅಕ್ಕನ ಮಗ. ತಾವು ಮಹಾನ್ ಹೋರಾಟಗಾರ್ತಿ ಎನ್ನುವವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಆಕೆ ನನ್ನನ್ನು ಏನೆನ್ನುತ್ತಿದ್ದಳು ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯಲಾಗದು.

ಆಕೆ ಮಾಡಿದ್ದೇನು ಎಂಬುದು ತಮ್ಮ ಕಚೇರಿಯ ಗೋಡೆಗೆ ಗೊತ್ತಿದ್ದಂತಿಲ್ಲ, ಅಲ್ಲಿ ಆಕೆಯ ಚಿತ್ರ ತೂಗುಬಿದ್ದಿದ್ದರೂ. ಅದಕ್ಕೇ ಹೇಳುತ್ತೇನೆ. ಜೋಳ ತುಂಬಿದ ಡಬ್ಬಿಯನ್ನು ಹಿಟ್ಟಿನ ಗಿರಣಿಯ ಮುಂದೆ ಸಾಲಿಗೆ ಇಟ್ಟು ಮನೆಗೆ ಹೋಗುವುದು ನಮ್ಮ ಕಡೆಯ ರೂಢಿ. ಮನುಷ್ಯ ನಿಲ್ಲುವುದಿಲ್ಲ, ಡಬ್ಬಿ ನಿಲ್ಲುತ್ತದೆ. ಡಬ್ಬಿಯ ಪಾಳಿಯೇ ಮನುಷ್ಯನ ಪಾಳಿ. ಆದರೆ ನಮ್ಮ ಓಣಿಯ ಅಂದಿನ ಗಿರಣಿ ಸಾಹುಕಾರರ ಕಾಲಿಗೆ ಕಣ್ಣಿದ್ದವು. ನಮ್ಮ ಕೇರಿಯ ಡಬ್ಬಿ ಯಾವುದು ಎಂದು ಆ ಕಾಲಿಗೆ ತಿಳಿಯುತ್ತಿತ್ತು, ತಿಳಿದ ಕೂಡಲೇ ಹಿಂದಕ್ಕೆ ಒದೆಯುತ್ತಿತ್ತು. ಮುಂಜಾನೆ ಮೊದಲು ಇಟ್ಟ ಡಬ್ಬಿ ಸಂಜೆಗೆ ಕಡೆಯದಾಗುತ್ತಿತ್ತು. ಕಾರಣವೂ ಇತ್ತು, ಬಹಳ ಶಾಸ್ತ್ರೀಯವಾದದ್ದು. ಬೀಸುವ ಕಲ್ಲಿನಲ್ಲಿ ಒಬ್ಬರ ಹಿಟ್ಟು ಒಂದು ಹಿಡಿ ಉಳಿಯುತ್ತದೆ, ಮುಂದಿನವರ ಹಿಟ್ಟಿನಲ್ಲಿ ಕೂಡುತ್ತದೆ. ಕೆಳಗಿನ ಕೇರಿಯವರ ಹಿಟ್ಟು ಮೇಲಿನ ಓಣಿಯವರ ಹಿಟ್ಟಿನಲ್ಲಿ ಕೂಡಬಾರದು. ಆದ್ದರಿಂದ ಊರೆಲ್ಲ ಬೀಸಿಸಿಕೊಂಡು ಹೋದ ಮೇಲೆ ನಮ್ಮದು.

ಒಂದು ದಿನ ಚಿಗವ್ವ ಡಬ್ಬಿ ಇಟ್ಟು ಮನೆಗೆ ಬರಲಿಲ್ಲ. ಮುಚ್ಚಳದ ಮೇಲೆ ಕುಳಿತುಬಿಟ್ಟಳು. ಸಾಹುಕಾರರು ಬಂದರು.

"ಏಳ ಸತ್ಯವ್ವ, ಡಬ್ಬಿ ಸರಸಬೇಕು."

"ಸರಸ್ರಿ ಸಾವಕಾರ್ರ. ಇವತ್ತ ನನ್ನೂ ಕೂಡೇ ಎತ್ತಿ ಸರಸಬೇಕಾಗತೈತಿ ನೋಡ್ರಿ."

ಮುಟ್ಟಬಾರದವಳನ್ನು ಎತ್ತುವುದು ಹೇಗೆ? ಸಾಹುಕಾರರು ಡಬ್ಬಿಯ ಸುತ್ತ ತಿರುಗಿದರು. ಕೋಲು ತರಿಸಿದರು, ಕೋಲಿನಿಂದ ಏನು ಮಾಡುವುದು ಎಂದು ಹೊಳೆಯದೆ ಗೋಡೆಗೆ ಆನಿಸಿದರು. ಕಡೆಗೆ ಸಿಟ್ಟಿನಿಂದ ಗಿರಣಿಯನ್ನೇ ಬಂದ್ ಮಾಡಿದರು. ಚಿಗವ್ವ ಕುಳಿತೇ ಇದ್ದಳು. ಮರುದಿನವೂ ಬಂದು ಕುಳಿತಳು. ಓಣಿಯಲ್ಲಿ ಹಿಟ್ಟು ತೀರಿತು. ರೊಟ್ಟಿ ಇಲ್ಲದೆ ಬರೀ ಅನ್ನ ಉಂಡು ದೊಡ್ಡ ದೊಡ್ಡ ಮನೆಗಳ ಗಂಡಸರ ದನಿ ಸಣ್ಣದಾಯಿತು. ಮೇಲಿನ ಓಣಿಯ ಬಾಳವ್ವ ಎಂಬ ಹಿರಿಯಳು, ಗಿರಣಿಗೆ ಎಂದೂ ತಾನಾಗಿ ಬಂದವಳಲ್ಲ, ಸೆರಗು ಬಿಗಿದು ಬಂದಳು.

"ಗಿರಣಿ ಚಾಲೂ ಮಾಡಪಾ. ನಮ್ಮ ಮನ್ಯಾಗ ಗಂಡಸರು ಅನ್ನದ ಗಂಗಾಳ ನೋಡಿ ಅಳಾಕತ್ತಾರ."

"ಆಕೀ ಹಿಟ್ಟು ಕೂಡತೈತ್ರಿ ಯವ್ವಾ."

ಆಗ ಚಿಗವ್ವ ಕುಳಿತಲ್ಲಿಂದಲೇ ಕೇಳಿದಳು. "ಸಾವಕಾರ್ರ, ರಾತ್ರಿ ಎಲ್ಲಾರಕಿಂತ ಕಡೀಕ ಬೀಸೂದು ಯಾರದರಿ?"

"ನಿಮ್ಮ ಕೇರ್ಯಾಂದು."

"ಹಂಗಾರ ಕಲ್ಲಿನ್ಯಾಗ ಉಳಿಯೂದು ನಮ್ಮ ಹಿಟ್ಟು. ಮುಂಜಾನಿ ಎಲ್ಲಾರಕಿಂತ ಮೊದಲ ಬೀಸೂದು ಯಾರದರಿ?"

ಸಾಹುಕಾರರು ಗೋಡೆಗೆ ಆನಿಸಿದ್ದ ಕೋಲನ್ನು ನೋಡಿದರು. ಮುಂಜಾನೆ ಮೊದಲು ಬೀಸುತ್ತಿದ್ದದ್ದು ಅವರ ಸ್ವಂತ ಮನೆಯ ಡಬ್ಬಿ.

"ಇಷ್ಟ ವರ್ಷ ದಿನಾ ನನ್ನ ಹಿಟ್ಟು ಉಂಡು ನಿಮಗ ಏನಾರ ಆಗೇತೇನ್ರಿ? ಮೈ ಕೈ ತುಂಬಕೊಂಡ ಛಲೋನ ಆಗೀರಿ. ಸರೀರಿ, ನನ್ನ ಪಾಳಿ ಬಂದೈತಿ."

ಬಾಳವ್ವ ಮೊದಲು ನಕ್ಕಳು. ಬಾಳವ್ವ ನಕ್ಕ ಮೇಲೆ ಓಣಿ ನಗಬಹುದಾಗಿತ್ತು, ನಕ್ಕಿತು. ಗಿರಣಿ ಶುರುವಾಯಿತು. ಆ ದಿನ ಚಿಗವ್ವನ ಡಬ್ಬಿಯನ್ನು ಎತ್ತಿ ಜೋಳವನ್ನು ಗಿರಣಿಯ ಬಾಯಿಗೆ ಸುರಿದದ್ದು ಯಾರ ಕೈ? ಈ ಕೈ, ಈಗ ತಮಗೆ ಬರೆಯುತ್ತಿರುವ ಕೈ. ಇತಿಹಾಸ ಈ ಕೈಗೆ ಒಂದು ಸಾಲನ್ನೂ ಕೊಟ್ಟಿಲ್ಲ, ಆದರೆ ನಾನು ಕೇಳಲೂ ಇಲ್ಲ. ನಾನು ಅಷ್ಟು ದೊಡ್ಡ ಮನಸ್ಸಿನವನು. ಮುಂದೆ ಚಿಗವ್ವ ನಳದ ಮುಂದೆ ಕುಳಿತಳು, ಹೋಟೆಲಿನ ಕಟ್ಟೆಯ ಮೇಲೆ ಕುಳಿತಳು, ಎಲ್ಲಿ ನಮ್ಮವರನ್ನು ಹಿಂದಕ್ಕೆ ಸರಿಸಿದರೋ ಅಲ್ಲೆಲ್ಲ ಆ ಡಬ್ಬಿಯನ್ನು ಹೊತ್ತುಕೊಂಡು ಹೋಗಿ ಕುಳಿತಳು. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರವೊಂದಿತ್ತು. ತನ್ನದೊಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಸತ್ತಾಗ ಮಣ್ಣಿಗೆ ಬಂದವರು ನಾವು ನಾವೇ.

ಆಮೇಲೆ ಬಹಳ ವರ್ಷ ಊರು ಆಕೆಯನ್ನು ನೆಮ್ಮದಿಯಿಂದ ಮರೆತಿತ್ತು. ಮೊನ್ನೆ ಮೊನ್ನೆ ಈ ಕಥೆಯನ್ನು ಒಬ್ಬರು ಮೊಬೈಲಿನಲ್ಲಿ ಹೇಳಿದರು, ಅದು ಮನೆಮನೆಗೂ ಓಡಾಡಿತು. ಹೇಳಿದವರು ಬಹಳ ಚೆನ್ನಾಗಿ ಹೇಳಿದ್ದರು. ನಾನೇ ಹೇಳಿದ್ದು. ಅಲ್ಲಿಂದ ಶುರುವಾಯಿತು ನೋಡಿ. ದೊಡ್ಡವರ ಹೆಸರು ಹಿಡಿದರೆ ಅವರು ಬರೆದದ್ದನ್ನು ಓದಿದವರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಚಿಗವ್ವ ಏನೂ ಬರೆದಿಲ್ಲ. ಆಕೆಯದು ಒಂದೇ ಮಾತು, "ನನ್ನ ಪಾಳಿ ಬಂದೈತಿ." ಈ ಮಾತು ಯಾವ ಬಾಯಿಗೂ ಸರಿಯಾಗಿ ಕೂಡುತ್ತದೆ ಎಂದು ನಗರದ ಸಂಘ ಸಂಸ್ಥೆಗಳಿಗೆ ಗೊತ್ತಾಗಿಹೋಯಿತು.

ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವವರ ಸಂಘ ಮೊದಲು ಬಂದಿತು. ನನಗೆ ಶಾಲು ಹೊದಿಸಿ ಅಧ್ಯಕ್ಷರು ಹೇಳಿದರು, "ಕಾಕಾ, ಸತ್ಯವ್ವನವರು ದನಿ ಇಲ್ಲದವರಿಗೆ ದನಿ ಕೊಟ್ರು. ನಾವೂ ಅದನ್ನ ಮಾಡತೇವಿ, ನಮ್ಮ ದನಿ ಸ್ವಲ್ಪ ಜೋರ ಐತಿ ಅಷ್ಟ." ರಾತ್ರಿಯೆಲ್ಲ ಹಾಡು ಹಾಕುವ ಹಕ್ಕು ಅವರಿಗೆ ಬೇಕಂತೆ. ವಿದ್ಯಾನಗರದಿಂದ ವಾಯುವಿಹಾರಿಗಳ ಬಳಗ ಬಂದಿತು. ಫುಟ್‌ಪಾತಿನ ಮೇಲೆ ಕಾಯಿಪಲ್ಲೆ ಮಾರುವವರನ್ನು ಎಬ್ಬಿಸಬೇಕು, ಏಕೆಂದರೆ ನಡೆಯುವವರ ಪಾಳಿ ಬಂದಿದೆ. ಬೀದಿನಾಯಿಗಳಿಗೆ ಅನ್ನ ಹಾಕುವವರೂ ಬಂದರು, ಬೀದಿನಾಯಿಗಳನ್ನು ಹಿಡಿಸಬೇಕೆನ್ನುವವರೂ ಬಂದರು. ಎರಡೂ ಬಣದ ಬ್ಯಾನರಿನಲ್ಲಿ ಚಿಗವ್ವ, ಒಂದರಲ್ಲಿ ನಾಯಿಯ ತಲೆ ಸವರುತ್ತಾ, ಇನ್ನೊಂದರಲ್ಲಿ ನಾಯಿಗೆ ಬೆರಳು ತೋರಿಸುತ್ತಾ. ಕಡೆಗೆ ಬಂದವರು ಗಿರಣಿ ಮಾಲೀಕರ ಒಕ್ಕೂಟದವರು. ಅಧ್ಯಕ್ಷರು ಬೇರೆ ಯಾರೂ ಅಲ್ಲ, ಆ ಸಾಹುಕಾರರ ಮೊಮ್ಮಗ ರಾಜಶೇಖರ. "ಕಾಕಾ, ಸಾಮಾಜಿಕ ನ್ಯಾಯಕ್ಕ ನಮ್ಮ ಮನೆತನದ ಕೊಡುಗಿ ಭಾಳ ದೊಡ್ಡದೈತಿ. ನಮ್ಮ ಅಜ್ಜಾರು ಗಿರಣಿ ಬಂದ್ ಮಾಡಿರಲಿಲ್ಲಂದ್ರ ಸತ್ಯವ್ವ ಯಾರಿಗೆ ಗೊತ್ತಾಗತಿದ್ಲು?" ಎಂದ. ಮಾತಿನಲ್ಲಿ ಹುರುಳಿತ್ತು ಎಂದು ನಾನು ಹೇಳಲಾರೆ, ಹೊದಿಸಿದ ಶಾಲಿನಲ್ಲಿ ಮಾತ್ರ ಹುರುಳಿತ್ತು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ. "ಎಲ್ಲಾ ಛಲೋರಿ. ನಿಮ್ಮ ಡಬ್ಬಿ ಯಾರು ಒದ್ದಾರರಿ?" ಎಲ್ಲರೂ ಚಹಾ ತರಿಸಿದರು.

ಈ ಗದ್ದಲದಲ್ಲಿ ಒಂದು ಅರ್ಜಿಯ ಮೇಲೆ ಚಿಗವ್ವನ ಹೆಸರೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಅದು ಪ್ರಭಾವತಿಯದು, ಎಲ್ಲರಿಗಿಂತ ಮೊದಲೇ ಕೊಟ್ಟದ್ದು. ಚಿಗವ್ವನ ಮಗನ ಮಗಳು, ವಿದ್ಯಾನಗರದ ರಸ್ತೆ ಗುಡಿಸುವವಳು. ಅವಳೂ ಅವಳ ಜೊತೆಗಾರ್ತಿಯರೂ ಬೆಳಗು ಹರಿಯುವ ಮೊದಲು ಹಾಜರಿ ಹಾಕುವ ಜಾಗದಲ್ಲಿ ಒಂದು ಶೌಚಾಲಯ ಬೇಕು, ಅದಕ್ಕೊಂದು ನಳ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಇಷ್ಟೇ. ತಾವು ಅದಕ್ಕೆ ಕೊಟ್ಟ ಉತ್ತರ "ಪಾಳಿ ಬಂದಾಗ ಪರಿಶೀಲಿಸಲಾಗುವುದು". ನೋಡಿ ಮಾನ್ಯರೇ, ಎಷ್ಟು ಸಹಜವಾಗಿ ಬಂದಿತು ತಮ್ಮ ಬಾಯಿಗೆ ಆ ಮಾತು, ಗಿರಣಿಯಲ್ಲೇ ಹುಟ್ಟಿ ಬೆಳೆದವರ ಹಾಗೆ.

ಕಳೆದ ತಿಂಗಳು ಸತ್ಯವ್ವ ಸ್ಮರಣೆಯ ದಿನ ಬಂದಿತು. ಎಲ್ಲ ಸಂಘಗಳಿಗೂ ವಿದ್ಯಾನಗರದ ಅದೇ ಸರ್ಕಲ್ಲು ಬೇಕು, ಅದೇ ದಿನ, ಅದೇ ಹೊತ್ತು. ಆಗ ತಾವು ಒಂದು ಆದೇಶ ಹೊರಡಿಸಿದಿರಿ, ಅದನ್ನು ಓದಿ ನಾನು ಒಂದು ಹೊತ್ತಿನ ಊಟ ಬಿಟ್ಟೆ, ನಗು ನಿಲ್ಲಲಿಲ್ಲ. "ದಿವಂಗತರ ಪರಂಪರೆಗೆ ಅನುಗುಣವಾಗಿ ಸಂಘಟನೆಗಳು ಹಿಂದಿನ ದಿನವೇ ಸರ್ಕಲ್ಲಿನಲ್ಲಿ ಡಬ್ಬಿ ಇಟ್ಟು ತಮ್ಮ ಪಾಳಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು." ಡಬ್ಬಿ ಮಾಡುವ ನಮ್ಮ ಇಕ್ಬಾಲನ ಅಂಗಡಿಯ ಮುಂದೆ ಕಾರುಗಳು ಸಾಲುಗಟ್ಟಿದವು. ಅವನು ಕಣ್ಣಲ್ಲಿ ನೀರು ತಂದು ಹೇಳಿದ, "ಕಾಕಾ, ಪ್ಲಾಸ್ಟಿಕ್ ಬಂದಮ್ಯಾಲೆ ಡಬ್ಬಿ ಕೇಳಾವ್ರ ಇರಲಿಲ್ಲ. ನಿಮ್ಮ ಚಿಗವ್ವ ಸತ್ತ ಮ್ಯಾಲೆ ನನ್ನ ಕೈ ಹಿಡದ್ಲು ನೋಡ್ರಿ." ಸಂಜೆಯ ಹೊತ್ತಿಗೆ ಸರ್ಕಲ್ಲಿನಲ್ಲಿ ಡಬ್ಬಿಗಳ ಸಾಲು ನಿಂತಿತು. ಪ್ರತಿಯೊಂದಕ್ಕೂ ಸಂಘದ ಹೆಸರಿನ ಚೀಟಿ, ಪ್ಲಾಸ್ಟಿಕ್ ಹಾರ. ಚಿಗರಿ ಬಸ್ಸಿನ ಕಿಟಕಿಯಿಂದ ಜನ ಫೋಟೋ ಹೊಡೆದರು. ಮಾಡುವುದೆಲ್ಲ ಮಾಡಿ ಸಂಘಟನೆಗಳು ಮನೆಗೆ ಹೋದವು. ಹೋರಾಟವನ್ನು ಡಬ್ಬಿಗಳು ನೋಡಿಕೊಳ್ಳುತ್ತಿದ್ದವು.

ಮಾನ್ಯರೇ, ನಮ್ಮ ಊರಿನಲ್ಲಿ ಬಾಯಿ ತೆರೆದ ಡಬ್ಬಿಯನ್ನು ರಸ್ತೆಯ ಬದಿಗೆ ಇಟ್ಟರೆ ಏನಾಗುತ್ತದೆ ಎಂದು ತಮಗೆ ಗೊತ್ತಿರಬೇಕಿತ್ತು. ಬಸ್ಸಿಗೆ ಕಾಯುವವರು ಕೈಯಲ್ಲಿದ್ದ ಚಹಾದ ಕಪ್ಪು ಹಾಕಿದರು. ಮಿರ್ಚಿ ಭಜಿಯ ಕಾಗದ ಹಾಕಿದರು. ಗುಟ್ಕಾದವರು ಬಂದು ತಮ್ಮ ಕಾಣಿಕೆ ಸಲ್ಲಿಸಿದರು. ಮುಂಜಾನೆ ಪ್ರಭಾವತಿಯೂ ಜೊತೆಗಾರ್ತಿ ಮಾಳವ್ವನೂ ಪೊರಕೆ ಹಿಡಿದು ಬಂದಾಗ ಡಬ್ಬಿಗಳು ಕಂಠದವರೆಗೆ ತುಂಬಿದ್ದವು, ಚೀಟಿಗಳ ಮೇಲೆ ಕೆಂಪಾಗಿ ಉಗುಳು ಹರಿದಿತ್ತು.

"ಯವ್ವಾ, ಒಮ್ಮೆಲೆ ಇಷ್ಟ ಕಸದ ಡಬ್ಬಿ ಕೊಟ್ಟಾರಲ್ಲ," ಎಂದಳಂತೆ ಮಾಳವ್ವ. "ಶೌಚಾಲಯ ಕೇಳಿದ್ವಿ, ಡಬ್ಬಿ ಕೊಟ್ಟಾರ. ಇರಲಿ, ಬಾಗಲಾ ಆಮ್ಯಾಲೆ ಕೊಡತಾರೇನೋ."

"ಹಾರಾನೂ ಹಾಕ್ಯಾರ ನೋಡ," ಎಂದಳು ಪ್ರಭಾವತಿ. "ಉದ್ಘಾಟನಾ ಆಗಿರಬೇಕು."

ಕಸವನ್ನು ಗಾಡಿಗೆ ಸುರಿದರು. ಹೊಸ ಡಬ್ಬಿಗಳು ಹಾಳಾಗಬಾರದು ಎಂದು ಉಗುಳು ಬಿದ್ದ ಚೀಟಿ, ಹಾರ ಕಿತ್ತು ತೊಳೆದರು. ಒಣಗಲಿ ಎಂದು ಗೋಡೆಗೆ ಸಾಲಾಗಿ ಬೋರಲು ಹಾಕಿ ಮುಂದಿನ ರಸ್ತೆಗೆ ಹೋದರು. ಹೇಳಿ, ಇದರಲ್ಲಿ ಯಾವ ಕೆಲಸಕ್ಕೆ ತಾವು ಅವರಿಗೆ ಸಂಬಳ ಕೊಡುವುದಿಲ್ಲ?

ಸಂಘಟನೆಗಳು ಹತ್ತು ಗಂಟೆಗೆ ಬಂದವು. ಚೀಟಿ ಇಲ್ಲ, ಹಾರ ಇಲ್ಲ, ಯಾರ ಡಬ್ಬಿ ಮೊದಲು, ಯಾರದು ಕಡೆ ಎಂಬುದು ಇಲ್ಲ. ನಾಯಿ ಹಿಡಿಸುವವರ ಡಬ್ಬಿಯನ್ನು ನಾಯಿಗೆ ಅನ್ನ ಹಾಕುವವರು ಹಿಡಿದುಕೊಂಡರು. ಧ್ವನಿವರ್ಧಕದ ಅಧ್ಯಕ್ಷರು, ಅವತ್ತು ಧ್ವನಿವರ್ಧಕ ತಂದಿರಲಿಲ್ಲ, ಬರಿಗಂಟಲಲ್ಲಿ "ಮೊದಲನೇದು ನಮ್ಮದು, ಮೊದಲನೇದು ನಮ್ಮದು" ಎಂದು ಕೂಗಿ ಕೂಗಿ ದನಿ ಕಳೆದುಕೊಂಡರು. ವಾಯುವಿಹಾರಿಗಳು ಎಂದೂ ಓಡದವರು ಓಡಿದರು. ತೀರ್ಮಾನಕ್ಕೆ ಇಕ್ಬಾಲನನ್ನು ಕರೆಸಿದರು. ಅವನು ಒಂದೊಂದೇ ಡಬ್ಬಿಯನ್ನು ಎತ್ತಿ, ಒಳಗೆ ನೋಡಿ, ಕೆಳಗಿಟ್ಟ.

"ಗಿರಣಿ ಮುಂದ ಒಳಗಿನ ಕಾಳು ನೋಡಿ ಯಾರ ಡಬ್ಬಿ ಅಂತ ಹೇಳತಿದ್ವಿರಿ. ಇವ್ರ್ಯಾಗ ಮೊದಲಿಂದನೂ ಏನೂ ಇಲ್ಲ. ಯಾರದಂತ ಹೇಳಲಿರಿ?"

ಆ ದಿನ ಯಾವ ಬೇಡಿಕೆಯೂ ಮಂಡನೆಯಾಗಲಿಲ್ಲ. ಸಂಜೆಗೆ ಎಲ್ಲ ಸಂಘಗಳೂ ಇತಿಹಾಸದಲ್ಲೇ ಮೊದಲ ಸಲ ಒಟ್ಟಾಗಿ ಒಂದೇ ಮನವಿ ಬರೆದವು, ಸತ್ಯವ್ವನ ಪರಂಪರೆಗೆ ಅವಮಾನ ಮಾಡಿದ ಪೌರಕಾರ್ಮಿಕೆಯ ಮೇಲೆ ಕ್ರಮ ಆಗಬೇಕು ಎಂದು. ಆ ಮನವಿಗೆ ಮಾತ್ರ ತಮ್ಮಲ್ಲಿ ಪಾಳಿ ಇರಲಿಲ್ಲ. ಮರುದಿನವೇ ನೋಟಿಸು.

ಪ್ರಭಾವತಿಯನ್ನು ಕರೆದುಕೊಂಡು ನಾನೇ ತಮ್ಮಲ್ಲಿಗೆ ಬಂದೆ, ತಮಗೆ ನೆನಪಿರಬಹುದು. ಆ ದಿನ ನಾನು ಶಾಲು ಹೊದ್ದು ಬಂದಿದ್ದೆ, ಒಂದರ ಮೇಲೊಂದು ಮೂರು. ತಾವು ಬಹಳ ಸಭ್ಯರು, ಧಾರವಾಡದ ಮಾತಿನಲ್ಲೇ ಸತ್ಕರಿಸಿದಿರಿ.

"ಕೂಡ್ರಿ ಕಾಕಾರ. ಇದು ಭಾವನಾದ ವಿಷಯ ಅದ."

"ಯಾರ ಭಾವನಾರಿ?"

"ಸತ್ಯವ್ವನವರನ್ನ ತಮ್ಮವರು ಅಂತ ತಿಳಕೊಂಡವರದು."

"ಈಕಿ ತಿಳಕೊಂಡಾಕಿ ಅಲ್ಲರಿ, ಆಕೀ ಮೊಮ್ಮಗಳು. ಅಕೀ ಮೂಗ ನೋಡ್ರಿ, ನಮ್ಮ ಚಿಗವ್ವನ ಮೂಗ ಹಂಗ ಕಿತ್ತ ಹಚ್ಚಿದಂಗೈತಿ."

ತಾವು ನಿಜವಾಗಿ ತಿರುಗಿ ಗೋಡೆಯ ಚಿತ್ರ ನೋಡಿದಿರಿ. ಆಮೇಲೆ ಪ್ರಭಾವತಿಯ ಮುಖ ನೋಡಿದಿರಿ. ಮತ್ತೆ ಚಿತ್ರ ನೋಡಿದಿರಿ. "ಹೋಲಿಕಿ ಕಾಣಸೂದಿಲ್ಲಲ್ರೀ," ಎಂದಿರಿ.

ಹೇಗೆ ಕಾಣಿಸಬೇಕು ಮಾನ್ಯರೇ? ಚಿಗವ್ವನ ಫೋಟೋ ಇಲ್ಲದ್ದಕ್ಕೆ ಸಂಘಟನೆಗಳೇ ಕೂಡಿ ಕಂಪ್ಯೂಟರಿನಲ್ಲಿ ಒಂದು ಮುಖ ಮಾಡಿಸಿದ್ದಾರೆ. ಬಿಸಿಲನ್ನೇ ಕಾಣದ ಬಣ್ಣ, ಅಂಗಡಿಯಿಂದ ತಂದಂಥ ಪುಟ್ಟ ಮೂಗು, ಕೈಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಡಬ್ಬಿ. ಆ ಹೆಂಗಸು ಯಾವ ಡಬ್ಬಿಯ ಮೇಲೂ ಕುಳಿತವಳಲ್ಲ, ಸೋಫಾದ ಮೇಲೆ ಕುಳಿತವಳು. ಅವಳ ಮೊಮ್ಮಗಳಲ್ಲ ಪ್ರಭಾವತಿ, ಒಪ್ಪುತ್ತೇನೆ. ಆದರೆ ಪ್ರಭಾವತಿ ಆಗ ಒಂದು ಮಾತು ಕೇಳಿದಳು, ತಾವು ಕಡತ ತಿರುವುತ್ತಾ ಕೇಳಿಸಿಕೊಳ್ಳಲಿಲ್ಲ.

"ಸಾಹೇಬ್ರ, ಕ್ಷಮಾ ಬರಕೊಡು ಅಂತೀರಿ. ಯಾರಿಗೆ ಬರೀಲಿ? ನಮ್ಮ ಸತ್ಯವ್ವ ಆಯಿಗೆ ಬರೀಬೇಕಂದ್ರ ಆಕಿ ಇಲ್ಲ. ಡಬ್ಬಿಗೆ ಬರೀಲೇನ್ರಿ?"

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಒಂದು ಶಾಲು ತೆಗೆದು ಅವಳಿಗೆ ಹೊದಿಸಿದೆ. ಅದರ ಮೇಲೆ ಜರಿಯಲ್ಲಿ "ಸತ್ಯವ್ವ ಸೇವಾ ರತ್ನ" ಎಂದು ನೇಯಿಸಿದ್ದಾರೆ. ಅವಳ ಮನೆಯ ಒಲೆ ಅವಳ ಕೆಲಸದ ಮೇಲೆ ಉರಿಯುತ್ತದೆ. ಜರಿಯನ್ನು ಒಲೆಗೆ ಹಾಕಬಹುದು, ಎಷ್ಟು ಹೊತ್ತು ಉರಿದೀತು?

ತಾವು ಓದಿದವರು, ನಾನು ಮುಲ್ಕಿ. ಆದರೂ ಒಂದು ವಿಷಯ ನನ್ನಿಂದ ಕೇಳಿ, ಅದನ್ನು ಕಣ್ಣಾರೆ ಕಂಡವನು ಈಗ ನಾನೊಬ್ಬನೇ ಉಳಿದಿದ್ದೇನೆ. ಚಿಗವ್ವನ ಕಥೆಯಲ್ಲಿ ಡಬ್ಬಿ ದೊಡ್ಡದಲ್ಲ. ಡಬ್ಬಿ ಎಲ್ಲರೂ ಇಡುತ್ತಿದ್ದರು, ನಮ್ಮವರೂ ಇಡುತ್ತಿದ್ದರು, ಒದೆಸಿಕೊಳ್ಳುತ್ತಿದ್ದರು. ಆಕೆಯ ಡಬ್ಬಿಯ ಒಳಗೆ ಮಕ್ಕಳು ಉಣ್ಣಬೇಕಾದ ಜೋಳ ಇತ್ತು, ಮೇಲೆ ಆಕೆಯೇ ಇದ್ದಳು. ಇವರೆಲ್ಲ ಒಳಗಿನದನ್ನೂ ಬಿಟ್ಟರು, ಮೇಲಿನವಳನ್ನೂ ಬಿಟ್ಟರು, ತಗಡನ್ನು ಇಟ್ಟುಕೊಂಡರು. ತಗಡಿಗೆ ತಾವು ಪರವಾನಗಿ ಕೊಟ್ಟಿರಿ. ಜೋಳ ಹಿಡಿದು ಬಂದವಳನ್ನು ಹಿಂದಕ್ಕೆ ಒದ್ದಿರಿ. ಸಾಹುಕಾರರಾದರೂ ಪಾಪ ಆಕೆಯ ಹೆಸರಿನಲ್ಲೇ ಆಕೆಯನ್ನು ಒದೆಯುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಬಹಳ ಸಣ್ಣದು. ನೋಟಿಸು ಹರಿದು ಪ್ರಭಾವತಿಯ ಕೈಗೆ ಪೊರಕೆ ತಿರುಗಿ ಕೊಡಿ. ಅವಳ ಹಳೆಯ ಅರ್ಜಿಯನ್ನು ಅದು ಇದ್ದ ಜಾಗಕ್ಕೆ, ಅಂದರೆ ಎಲ್ಲರಿಗಿಂತ ಮುಂದಕ್ಕೆ, ತಂದಿಡಿ. ನಳ, ಬಾಗಿಲು, ಚಿಲಕ. ಚಿಲಕ ಒಳಗಿನಿಂದ, ಮರೆಯಬೇಡಿ. ಅದಕ್ಕೆ ಚಿಗವ್ವನ ಹೆಸರು ಇಡುವುದು ಬೇಡ, ಇಟ್ಟರೆ ನಾಳೆ ಧ್ವನಿವರ್ಧಕದವರು ಉದ್ಘಾಟನೆಗೆ ಬರುತ್ತಾರೆ.

ಬರುವ ಸೋಮವಾರದವರೆಗೆ ಕಾಯುತ್ತೇವೆ. ಅಲ್ಲಿಯವರೆಗೆ ಏನೂ ಆಗದಿದ್ದರೆ ಸೋಮವಾರ ಮುಂಜಾನೆ ತಮ್ಮ ಕಚೇರಿಯ ಬಾಗಿಲಲ್ಲಿ ಡಬ್ಬಿಗಳ ಸಾಲು ಇರುತ್ತದೆ. ಒಳಗೆ ಜೋಳ ಇರುತ್ತದೆ, ಇಕ್ಬಾಲ ಬಂದು ನೋಡಬಹುದು. ಮೇಲೆ ಪ್ರಭಾವತಿ ಇರುತ್ತಾಳೆ, ಮಾಳವ್ವ ಇರುತ್ತಾಳೆ, ಅವರ ಜೊತೆಗಾರ್ತಿಯರು ಇರುತ್ತಾರೆ. ಕಡೆಯ ಡಬ್ಬಿಯ ಮೇಲೆ ನಾನು. ಈಗಿನ ತಗಡು ನನ್ನನ್ನು ತಡೆಯುವುದಿಲ್ಲ ಎಂದು ಇಕ್ಬಾಲ ಹಳೆಯ ಕಾಲದ ದಪ್ಪ ತಗಡಿನಲ್ಲಿ ಬೇರೆಯೇ ಒಂದು ಮಾಡಿಕೊಟ್ಟಿದ್ದಾನೆ. ಸರಿಸಬೇಕೆಂದರೆ ನಮ್ಮನ್ನು ಕೂಡಿಸಿಯೇ ಎತ್ತಿ ಸರಿಸಿ. ಸಾಹುಕಾರರಿಗೆ ಇದ್ದ ತೊಂದರೆ ತಮಗಿಲ್ಲ, ಕಾನೂನು ಬಂದಿದೆ, ಧಾರಾಳವಾಗಿ ಮುಟ್ಟಬಹುದು. ಆದರೆ ನಾನು ಭಾರ ಇದ್ದೇನೆ, ಸೊಂಟ ನೋಡಿಕೊಳ್ಳಿ.

ಇನ್ನು ಎಂದಿನಂತೆ ನಮ್ಮದನ್ನು ಕಡೆಯ ಪಾಳಿಗೆ ತಳ್ಳುವ ಯೋಚನೆ ತಮಗಿದ್ದರೆ ಗಿರಣಿಯ ಲೆಕ್ಕ ಒಮ್ಮೆ ನೆನಪಿಸಿಕೊಳ್ಳಿ. ಕಡೆಗೆ ಬೀಸಿದವರ ಹಿಟ್ಟು ಕಲ್ಲಿನಲ್ಲಿ ಉಳಿಯುತ್ತದೆ. ಮರುದಿನ ಮುಂಜಾನೆ ಅದು ಮೊದಲನೆಯವರ ರೊಟ್ಟಿಯಲ್ಲಿ ಹೋಗಿ ಕೂಡುತ್ತದೆ. ಈ ಊರಿನ ಪಾಳಿಯಲ್ಲಿ ಮೊದಲನೆಯವರು ತಾವು.

ಇಂತಿ,
ತನ್ನ ಡಬ್ಬಿಯ ಮೇಲೆ ತಾನೇ ಕುಳಿತು, ಶಾಲುಗಳನ್ನೆಲ್ಲ ಒಗೆಯಲು ಹಾಕಿರುವ
ಗೋವಿಂದಪ್ಪ ಕಾಕಾ,
ಮುಲ್ಕಿ ಪಾಸು, ಪ್ರಥಮ ಸ್ಥಾನ,
ಗೋಪನಕೊಪ್ಪ, ಹುಬ್ಬಳ್ಳಿ